ಎಡಿಎಚ್‌ಡಿ ಮಾತ್ರೆ: ಅಲ್ಲಿ ಜಾಸ್ತಿಯಾದ ಚಿಂತೆ, ಇಲ್ಲಿ ಸಿಗದ ಚಿಂತೆ

2025ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮಕ್ಕಳ ಆರೋಗ್ಯದ ಬಗ್ಗೆ ಒಂದು ವರದಿ ಹೊರತಂದಿತು. ಗಮನ ನಿಲ್ಲದ, ಅತಿಚಟುವಟಿಕೆಯ ಸಮಸ್ಯೆಯಾದ ಎಡಿಎಚ್‌ಡಿಯ ಮಾತ್ರೆಗಳನ್ನು ಅಲ್ಲಿನ ಮಕ್ಕಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಬರೆಯಲಾಗುತ್ತಿದೆ ಎಂಬುದು ಅದರ ಒಂದು ದೂರು. ಜೂನ್ ಕೊನೆಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇನ್ನೊಂದು ಆದೇಶ ಕೊಟ್ಟಿತು. ಇದೇ ಗುಂಪಿನ, ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಮಾತ್ರೆಗಳಿಂದ ಆರು ವರ್ಷದೊಳಗಿನ ಮಕ್ಕಳ ತೂಕ ಇಳಿಯಬಹುದು, ಅದನ್ನು ಲೇಬಲ್‌ನಲ್ಲಿ ಹಾಕಿ ಎಂದಿತು. ಆಗಸ್ಟ್‌ನಲ್ಲಿ ಸ್ವೀಡನ್ನಿನ ಒಂದು ದೊಡ್ಡ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಮಾತ್ರೆ ಶುರು ಮಾಡಿದವರಲ್ಲಿ ರಸ್ತೆ ಅಪಘಾತ, ಆತ್ಮಹತ್ಯೆಯ ಪ್ರಯತ್ನ, ಮಾದಕ ವಸ್ತುಗಳ ಬಳಕೆ ಕಡಿಮೆ ಎಂದು ಅದು ಹೇಳಿತು.

ನಾಲ್ಕು ತಿಂಗಳಲ್ಲಿ ಮೂರು ಸುದ್ದಿ. ದಾವಣಗೆರೆಯ ನಿಟುವಳ್ಳಿಯಲ್ಲೋ ವಿದ್ಯಾನಗರದಲ್ಲೋ ಮಗನ ಚೀಟಿ ಕೈಯಲ್ಲಿ ಹಿಡಿದು ಇವನ್ನೆಲ್ಲ ಮೊಬೈಲ್‌ನಲ್ಲಿ ಓದುವ ತಾಯಿಗೆ ತಲೆ ಕೆಡುವುದು ಸಹಜ. ಕೊಡಬೇಕಾ, ಬೇಡ್ವಾ?

ಮೂರರಲ್ಲಿ ಯಾವ ಸುದ್ದಿಯೂ ಸುಳ್ಳಲ್ಲ. ಆದರೆ ಒಂದೊಂದೂ ಬೇರೆ ಮಕ್ಕಳ ಬಗ್ಗೆ, ಬೇರೆ ಪ್ರಶ್ನೆಯ ಬಗ್ಗೆ ಮಾತಾಡುತ್ತಿದೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಔಷಧ ಅತಿಯಾಯಿತು ಎಂದು ಚಿಂತೆ ಮಾಡುವ ದೇಶದ ಮಾತನ್ನು, ಔಷಧ ತಲುಪುವುದೇ ಕಷ್ಟವಾದ ಊರಿಗೆ ಹಾಗೇ ತಂದು ಹಾಕಿದರೆ ಪೆಟ್ಟು ಬೀಳುವುದು ಇಲ್ಲಿನ ಮಗುವಿಗೆ.

ಚೇಷ್ಟೆಗೂ ಇದಕ್ಕೂ ಏನು ವ್ಯತ್ಯಾಸ?

ಚೇಷ್ಟೆ ಮಾಡದ ಮಗು ಎಲ್ಲಿದೆ? "ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾನೆ" ಅನ್ನುವ ಮಾತು ಪ್ರತಿ ಮನೆಯಲ್ಲೂ ಇದ್ದದ್ದೇ. ಎಡಿಎಚ್‌ಡಿ ಎಂದು ಹೇಳಲು ಅಷ್ಟು ಸಾಲದು. ಗಮನ ನಿಲ್ಲದಿರುವುದಕ್ಕೆ ಒಂಬತ್ತು ಲಕ್ಷಣಗಳ ಒಂದು ಪಟ್ಟಿ ಇದೆ. ಅತಿಚಟುವಟಿಕೆ ಮತ್ತು ದುಡುಕಿಗೆ ಒಂಬತ್ತರ ಇನ್ನೊಂದು ಪಟ್ಟಿ. ಮಕ್ಕಳಲ್ಲಿ ಒಂದು ಪಟ್ಟಿಯಿಂದ ಕನಿಷ್ಠ ಆರು, 17 ತುಂಬಿದವರಲ್ಲಿ ಐದು ಲಕ್ಷಣ ಇರಬೇಕು. ಆರು ತಿಂಗಳಿಂದ ಇರಬೇಕು. 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು. ಮನೆಯಲ್ಲೂ ಶಾಲೆಯಲ್ಲೂ, ಹೀಗೆ ಎರಡು ಕಡೆ ಕಾಣಬೇಕು. ಕೊನೆಯದಾಗಿ, ಅದರಿಂದ ಮಗುವಿನ ಬದುಕಿಗೆ ನಿಜವಾಗಿ ತೊಂದರೆ ಆಗುತ್ತಿರಬೇಕು.

ಎರಡು ಕಡೆ ಎಂಬ ಷರತ್ತು ಸುಮ್ನೆ ಇಟ್ಟದ್ದಲ್ಲ. ಶಾಲೆಯಲ್ಲಿ ಮಾತ್ರ ಗಮನ ಇಲ್ಲ ಎಂದರೆ ಕಣ್ಣು ಕಾಣುತ್ತಿಲ್ಲವೇನೋ, ಕಿವಿ ಕೇಳುತ್ತಿಲ್ಲವೇನೋ, ಓದಲು ಬರೆಯಲು ಕಷ್ಟ ಪಡುವ ಡಿಸ್ಲೆಕ್ಸಿಯಾ ಇದೆಯೇನೋ. ಮನೆಯಲ್ಲಿ ಮಾತ್ರ ಹಟ ಎಂದರೆ ಮನೆಯ ವಾತಾವರಣ ನೋಡಬೇಕು. ರಕ್ತ ಕಡಿಮೆ ಇದ್ದರೂ, ರಾತ್ರಿ ನಿದ್ದೆ ಸರಿಯಾಗದಿದ್ದರೂ ಮಗು ಹೀಗೇ ಕಾಣಬಹುದು. ಕೆಲವೇ ಸೆಕೆಂಡು ಎಲ್ಲೋ ನೋಡುತ್ತಾ ನಿಂತುಬಿಡುವ ಒಂದು ಬಗೆಯ ಮೂರ್ಛೆಯೂ "ಗಮನ ಇಲ್ಲ" ಎಂದೇ ತೋರುತ್ತದೆ. ಇದನ್ನೆಲ್ಲ ಪರೀಕ್ಷಿಸದೆ ಹತ್ತು ನಿಮಿಷದಲ್ಲಿ ಎಡಿಎಚ್‌ಡಿ ಎಂದು ಬರೆದುಬಿಟ್ಟರೆ ಅದು ಸರಿಯಾದ ಪರೀಕ್ಷೆ ಅಲ್ಲ. ಎಡಿಎಚ್‌ಡಿಯನ್ನು ಖಚಿತ ಮಾಡುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ತಂದೆ ತಾಯಿ ಹೇಳುವುದು, ಟೀಚರ್ ಬರೆದುಕೊಡುವುದು, ಡಾಕ್ಟರ್ ಕೂತು ನೋಡುವುದು, ಇಷ್ಟೇ ದಾರಿ.

ಜಗತ್ತಿನ ಲೆಕ್ಕದಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳಿಗೆ ಇದು ಇರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದುಕೊಳ್ಳಿ. ಬೆಂಚಿನಿಂದ ಬೆಂಚಿಗೆ ಹಾರುವವನು ಟೀಚರ್ ಕಣ್ಣಿಗೆ ಬೇಗ ಬೀಳುತ್ತಾನೆ. ಕಿಟಕಿ ಪಕ್ಕ ಸುಮ್ಮನೆ ಕೂತು ಎಲ್ಲೋ ಕಳೆದುಹೋಗುವ ಹುಡುಗಿ ಬೀಳುವುದಿಲ್ಲ. "ಬುದ್ಧಿ ಇದೆ, ಆದರೆ ಓದಲ್ಲ" ಎಂಬ ಮಾತು ಕೇಳುತ್ತಲೇ ಅವಳು ಎಸ್ಎಸ್ಎಲ್‌ಸಿ ಮುಟ್ಟುತ್ತಾಳೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಈ ವಿಷಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಸುಮಾರು ಮುಕ್ಕಾಲು ಪಾಲು ವಂಶವಾಹಿಗಳಿಂದ ಬರುತ್ತದೆ. ಮುದ್ದು ಮಾಡಿ ಕೆಡಿಸಿದರು, ಮೊಬೈಲ್ ಕೊಟ್ಟು ಹಾಳು ಮಾಡಿದರು ಎಂದು ತಾಯಿಯ ಮೇಲೆ ಹೊರಿಸುವುದು ಅನ್ಯಾಯ.

ಮಾತ್ರೆ ಏನು ಮಾಡುತ್ತದೆ?

ನಮ್ಮ ದೇಶದಲ್ಲಿ ಈ ಸಮಸ್ಯೆಗೆ ಮುಖ್ಯವಾಗಿ ಬರೆಯುವುದು ಎರಡು ಔಷಧ: ಮಿಥೈಲ್‌ಫೆನಿಡೇಟ್ ಮತ್ತು ಅಟೊಮೊಕ್ಸೆಟಿನ್. ಕ್ಲೊನಿಡಿನ್ ಎಂಬ ಮೂರನೆಯದನ್ನೂ ಕೆಲವು ಮಕ್ಕಳಿಗೆ ಕೊಡುತ್ತಾರೆ.

ಮಿಥೈಲ್‌ಫೆನಿಡೇಟ್ ಹೊಸದೇನಲ್ಲ. ಅದನ್ನು ಮೊದಲು ತಯಾರಿಸಿದ್ದು 1944ರಲ್ಲಿ. ಅದಕ್ಕೂ ಮುಂಚೆ, 1937ರಲ್ಲೇ, ಚಾರ್ಲ್ಸ್ ಬ್ರಾಡ್ಲಿ ಎಂಬ ಅಮೆರಿಕದ ವೈದ್ಯರು ಇದೇ ತರಹದ ಇನ್ನೊಂದು ಔಷಧ ಕೊಟ್ಟಾಗ ಮಕ್ಕಳು ಶಾಂತವಾಗಿ ಪಾಠದ ಕಡೆ ತಿರುಗಿದ್ದನ್ನು ಗಮನಿಸಿ ಬರೆದಿದ್ದರು. ಚುರುಕು ಮಾಡುವ ಔಷಧ ಮಗುವನ್ನು ಶಾಂತ ಮಾಡುವುದು ಹೇಗೆ? ಮಿದುಳಿನ ಮುಂಭಾಗ ನಮ್ಮ ಮೇಸ್ತ್ರಿ ಇದ್ದ ಹಾಗೆ. ಯಾವುದನ್ನು ಈಗ ಮಾಡಬೇಕು, ಯಾವುದನ್ನು ತಡೆಯಬೇಕು ಎಂದು ಹೇಳುವುದು ಅದೇ. ಆ ಕೆಲಸಕ್ಕೆ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. ನರಕೋಶಗಳು ಇವನ್ನು ಬೇಗ ವಾಪಸ್ ಹೀರಿಕೊಳ್ಳದಂತೆ ಮಾತ್ರೆ ತಡೆಯುತ್ತದೆ. ಆಗ ಮೇಸ್ತ್ರಿಯ ದನಿ ಕೇಳಿಸುತ್ತದೆ. ಮಗು ಮಂಪರಾಗಿ ಕೂತಿದ್ದರೆ ಅದು ಔಷಧದ ಗುಣವಲ್ಲ, ಡೋಸ್ ಜಾಸ್ತಿಯಾಗಿರಬಹುದು ಎಂಬ ಸೂಚನೆ. ಡಾಕ್ಟರ್‌ಗೆ ಹೇಳಬೇಕು.

ಸಾಮಾನ್ಯ ಮಾತ್ರೆ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತದೆ, ನಿಧಾನದ ಮಾತ್ರೆ ಎಂಟರಿಂದ ಹನ್ನೆರಡು ಗಂಟೆ. ತೊಂದರೆಗಳೂ ಇವೆ, ಮುಚ್ಚಿಡಬಾರದು. ಹಸಿವು ಸತ್ತುಹೋಗುತ್ತದೆ, ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ನಿದ್ದೆ ತಡವಾಗುತ್ತದೆ. ಕೆಲವರಿಗೆ ತಲೆನೋವು, ಹೊಟ್ಟೆನೋವು. ವರ್ಷಗಟ್ಟಲೆ ತೆಗೆದುಕೊಂಡರೆ ಎತ್ತರ ಸ್ವಲ್ಪ ಕಡಿಮೆಯಾಗಬಹುದು. ಅದಕ್ಕೇ ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ, ಪರಿಣಾಮ ಇಳಿದ ಮೇಲೆ ರಾತ್ರಿ ಚೆನ್ನಾಗಿ ಊಟ. ಎತ್ತರ, ತೂಕ, ಬಿ.ಪಿ.ಯನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಅಳೆದು ಬರೆದಿಡಬೇಕು. ಎಫ್‌ಡಿಎ ಎಚ್ಚರಿಕೆ ಬಂದದ್ದು ಈ ಹಸಿವಿನ ಕಾರಣಕ್ಕೇ. ಪುಟ್ಟ ಮಕ್ಕಳ ದೇಹದಲ್ಲಿ ಔಷಧದ ಪ್ರಮಾಣ ಹೆಚ್ಚು ಉಳಿಯುತ್ತದೆ, ತೂಕ ಬೇಗ ಇಳಿಯುತ್ತದೆ. ಆರು ವರ್ಷದೊಳಗಿನವರಿಗೆ ಆ ನಿಧಾನದ ಮಾತ್ರೆಗಳಿಗೆ ಮುಂಚೆಯೂ ಒಪ್ಪಿಗೆ ಇರಲಿಲ್ಲ. ಹತ್ತು ವರ್ಷದ ಹುಡುಗನ ತಂದೆ ಈ ಸುದ್ದಿ ಓದಿ ಮಾತ್ರೆ ನಿಲ್ಲಿಸಿದರೆ, ತನ್ನ ಮಗನಿಗೆ ಸಂಬಂಧವಿಲ್ಲದ ಸುದ್ದಿಗೆ ಹೆದರಿದ ಹಾಗೆ.

ಒಂದೇ ಅಧ್ಯಯನ, ಎರಡು ಓದು

ಮಾತ್ರೆ ಬೇಡ ಎನ್ನುವವರೂ ಬೇಕು ಎನ್ನುವವರೂ ಮುಂದಿಡುವುದು ಒಂದೇ ಅಧ್ಯಯನವನ್ನು. ಹಾಗಾಗಿ ಅದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು.

1999ರಲ್ಲಿ ಅಮೆರಿಕದಲ್ಲಿ ಎಂಟಿಎ ಎಂಬ ಅಧ್ಯಯನದ ಫಲಿತಾಂಶ ಬಂತು. ಏಳರಿಂದ ಒಂಬತ್ತು ವರ್ಷದ 579 ಮಕ್ಕಳು. ಚೀಟಿ ಎತ್ತಿದ ಹಾಗೆ ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ, ಅದೂ ಪ್ರತಿ ತಿಂಗಳು ಕರೆಸಿ ಡೋಸ್ ಸರಿ ಮಾಡುತ್ತಾ. ಇನ್ನೊಂದಕ್ಕೆ ಮನೆಯವರಿಗೂ ಶಾಲೆಗೂ ತರಬೇತಿ. ಮೂರನೆಯದಕ್ಕೆ ಎರಡೂ. ನಾಲ್ಕನೆಯದು ತಮ್ಮ ಊರಿನ ಡಾಕ್ಟರ್ ಕೊಟ್ಟ ಚಿಕಿತ್ಸೆ ಪಡೆಯಿತು. 14 ತಿಂಗಳಾದ ಮೇಲೆ ನೋಡಿದರೆ ಗಮನ ಮತ್ತು ಅತಿಚಟುವಟಿಕೆಯಲ್ಲಿ ಮಾತ್ರೆಯ ಗುಂಪು, ಎರಡೂ ಪಡೆದ ಗುಂಪು ಮುಂದಿದ್ದವು. ಎರಡೂ ಪಡೆದ ಮಕ್ಕಳಿಗೆ ಕಡಿಮೆ ಡೋಸ್ ಸಾಕಾಗಿತ್ತು.

ಮೂರನೇ ವರ್ಷಕ್ಕೆ ನೋಡಿದಾಗ ನಾಲ್ಕೂ ಗುಂಪು ಒಂದೇ ಮಟ್ಟಕ್ಕೆ ಬಂದಿದ್ದವು. "ನೋಡಿ, ಮಾತ್ರೆಯಿಂದ ಕೊನೆಗೆ ಏನೂ ಪ್ರಯೋಜನವಿಲ್ಲ" ಎಂದು ಒಂದು ಕಡೆಯವರು ಹೇಳುವುದು ಇದನ್ನೇ. ಆದರೆ 14 ತಿಂಗಳ ನಂತರ ಗುಂಪುಗಳ ಕಟ್ಟು ಬಿಚ್ಚಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದ ಹಲವರು ನಿಲ್ಲಿಸಿದರು, ತೆಗೆದುಕೊಳ್ಳದ ಹಲವರು ಶುರು ಮಾಡಿದರು. ತಿಂಗಳು ತಿಂಗಳು ಕರೆಸಿ ನೋಡುವುದೂ ನಿಂತಿತು. "ಚೆನ್ನಾಗಿ ನೋಡಿಕೊಂಡಷ್ಟು ದಿನ ಗುಣ ಕಂಡಿತು, ನೋಡಿಕೊಳ್ಳುವುದು ನಿಂತಾಗ ಗುಣವೂ ಕರಗಿತು" ಎಂದು ಇನ್ನೊಂದು ಕಡೆಯವರು ಓದುತ್ತಾರೆ.

ಎರಡನೇ ಓದೇ ಹೆಚ್ಚು ಸರಿ ಎಂದು ನನಗೆ ಅನಿಸುತ್ತದೆ. ಹಾಗೆಂದು ಮೊದಲನೆಯದನ್ನು ತಳ್ಳಿಹಾಕುವಂತಿಲ್ಲ. ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡರೆ ಓದು, ಕೆಲಸ ಎಲ್ಲ ಸುಧಾರಿಸುತ್ತದೆ ಎಂದು ಗಟ್ಟಿಯಾಗಿ ತೋರಿಸುವ ಪ್ರಯೋಗ ಇನ್ನೂ ಬಂದಿಲ್ಲ. 2018ರಲ್ಲಿ 133 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದವರು ಮಕ್ಕಳಿಗೆ ಮಿಥೈಲ್‌ಫೆನಿಡೇಟನ್ನೇ ಮೊದಲ ಆಯ್ಕೆ ಎಂದರು, ಆದರೆ ಕೆಲವು ವಾರಗಳ ಲೆಕ್ಕದಲ್ಲಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಇದನ್ನು ಸೇರಿಸಿ ಎಂಬ ಕೋರಿಕೆಯನ್ನು 2019 ಮತ್ತು 2021ರಲ್ಲಿ ಒಪ್ಪದಿರಲು ಪುರಾವೆಯ ಈ ಕೊರತೆಯೂ ಕಾರಣ.

ಸ್ವೀಡನ್ ಅಧ್ಯಯನ ತುಂಬಲು ನೋಡಿದ್ದು ಈ ಜಾಗವನ್ನು. ಎಡಿಎಚ್‌ಡಿ ಇರುವ 1,48,581 ಜನರ ಸರ್ಕಾರಿ ದಾಖಲೆ ತೆಗೆದು, ಮಾತ್ರೆ ಶುರು ಮಾಡಿದವರನ್ನೂ ಮಾಡದವರನ್ನೂ ಎರಡು ವರ್ಷ ಹೋಲಿಸಿದರು. ಮೊದಲ ಬಾರಿಗೆ ಆತ್ಮಹತ್ಯೆಗೆ ಪ್ರಯತ್ನಿಸುವಂಥ ಘಟನೆಗಳು ಶೇ. 17, ಮಾದಕ ವಸ್ತುಗಳ ದುರ್ಬಳಕೆ ಶೇ. 15, ಸಾರಿಗೆ ಅಪಘಾತ ಶೇ. 12ರಷ್ಟು ಕಡಿಮೆ. ಅಲ್ಲಿ ಹೆಚ್ಚಿನವರು ತೆಗೆದುಕೊಂಡದ್ದು ಮಿಥೈಲ್‌ಫೆನಿಡೇಟನ್ನೇ. ಇದು ದಾಖಲೆಗಳ ಹೋಲಿಕೆ, ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ. ಮಾತ್ರೆ ಒಪ್ಪಿಕೊಳ್ಳುವ ಮನೆಗಳು ಬೇರೆ ರೀತಿಯಲ್ಲೂ ಜಾಗರೂಕವಾಗಿರಬಹುದು. ಆದರೂ "ಮಾತ್ರೆಯಿಂದ ಮಗ ಮುಂದೆ ಚಟಕ್ಕೆ ಬೀಳುತ್ತಾನೆ" ಎಂಬ ನಮ್ಮ ಕಡೆಯ ದೊಡ್ಡ ಭಯಕ್ಕೆ ಈ ಅಂಕಿಗಳಲ್ಲಿ ಆಧಾರ ಸಿಗುವುದಿಲ್ಲ.

ಮಾತ್ರೆ ಇಲ್ಲದ ಚಿಕಿತ್ಸೆ ಅಂದರೆ ಏನು?

"ಕೌನ್ಸೆಲಿಂಗ್" ಎಂದರೆ ಮಗುವನ್ನು ಕೂರಿಸಿ ಬುದ್ಧಿ ಹೇಳುವುದು ಎಂದು ಹಲವರು ತಿಳಿದಿದ್ದಾರೆ. ಸಣ್ಣ ಮಕ್ಕಳ ವಿಷಯದಲ್ಲಿ ಕಲಿಯಬೇಕಾದವರು ದೊಡ್ಡವರು. ಆರು ವರ್ಷದೊಳಗಿನವರಿಗೆ ಮೊದಲು ತಂದೆ ತಾಯಿಗೆ ತರಬೇತಿ, ಆಮೇಲೆ ಬೇಕಾದರೆ ಮಾತ್ರೆ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2019ರಲ್ಲಿ ಹೇಳಿದೆ.

ಬೆಳಿಗ್ಗೆ ಎಂಟು ಗಂಟೆಯನ್ನೇ ನೋಡಿ. ಶಾಲೆಯ ವ್ಯಾನ್ ಬರುವ ಹೊತ್ತು. "ಶೂ ಹಾಕ್ಕೊ, ಬಾಟಲಿ ತಗೊ, ಡೈರಿ ಬ್ಯಾಗಿಗೆ ಹಾಕು, ಬೇಗ" ಎಂದು ಅಡುಗೆಮನೆಯಿಂದ ಒಂದೇ ಉಸಿರಿಗೆ ಹೇಳಿದರೆ ಈ ಮಗುವಿನ ತಲೆಯಲ್ಲಿ ಉಳಿಯುವುದು ಶೂ ಒಂದೇ. ಅದನ್ನೂ ಒಂದು ಕಾಲಿಗೆ ಹಾಕುವಷ್ಟರಲ್ಲಿ ಬೆಕ್ಕು ಕಾಣುತ್ತದೆ. ತರಬೇತಿ ಹೇಳಿಕೊಡುವುದು ಹೀಗೆ: ಹತ್ತಿರ ಹೋಗಿ, ಹೆಸರು ಕರೆದು, ಮುಖ ನೋಡಿ, ಒಂದೇ ಕೆಲಸ ಹೇಳುವುದು. ಆದ ತಕ್ಷಣ "ಶೂ ಹಾಕ್ಕೊಂಡೆಯಲ್ಲ, ಶಭಾಷ್" ಎನ್ನುವುದು. ಆಮೇಲೆ ಬಾಟಲಿ. ಹೋಂವರ್ಕ್‌ನ ಹತ್ತು ಲೆಕ್ಕವನ್ನು ಮೂರು, ಮೂರು, ನಾಲ್ಕು ಎಂದು ಒಡೆದು ನಡುವೆ ಐದು ನಿಮಿಷ ಓಡಾಡಲು ಬಿಡುವುದು. ಬಹುಮಾನ ಆ ಹೊತ್ತಿಗೇ ಸಿಗಬೇಕು. ಪರೀಕ್ಷೆ ಆದಮೇಲೆ ಸೈಕಲ್ ಕೊಡಿಸುತ್ತೇನೆ ಎಂದರೆ ಈ ಮಕ್ಕಳಿಗೆ ಅದು ಬೇರೆ ಲೋಕದ ಮಾತು.

ಇದು ಕೇಳಲು ಸುಲಭ, ಮಾಡಲು ಕಷ್ಟ. ವಾರಕ್ಕೊಮ್ಮೆಯಂತೆ ಹತ್ತಾರು ವಾರ ಕಲಿಸುವವರು ಬೇಕು. ಅಜ್ಜಿಯಿಂದ ಚಿಕ್ಕಪ್ಪನ ತನಕ ಮನೆಯಲ್ಲಿ ಎಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ಅಪ್ಪ ತಾಯಿಗೆ ಬಿಟ್ಟು ಕೈತೊಳೆದುಕೊಂಡರೆ ಅರ್ಧ ಕೆಲಸ ಅಲ್ಲೇ ನಿಂತಿತು. ಶಾಲೆಯಲ್ಲಿ ಮುಂದಿನ ಬೆಂಚು, ಬೋರ್ಡ್ ಒರೆಸುವಂಥ ಸಣ್ಣ ಓಡಾಟದ ಕೆಲಸ, ಇವಕ್ಕೆ ದುಡ್ಡು ಬೇಕಿಲ್ಲ. ಟೀಚರ್‌ಗೆ ತಿಳಿದಿರಬೇಕು, ಅಷ್ಟೇ.

ಇನ್ನು ಬೇರೆ ದಾರಿಗಳು. ಸಕ್ಕರೆ ಬಿಟ್ಟರೆ ಸರಿಹೋಗುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಒಮೆಗಾ-3 ಎಣ್ಣೆಯಿಂದ ಲಾಭ ತುಂಬ ಸಣ್ಣದು. ತಲೆಗೆ ತಂತಿ ಹಚ್ಚಿ ಮಾಡುವ ನ್ಯೂರೋಫೀಡ್‌ಬ್ಯಾಕ್‌ಗೆ ದುಬಾರಿ ಪ್ಯಾಕೇಜ್ ಕಟ್ಟುವ ಮುನ್ನ ಯೋಚಿಸಬೇಕು. ಯಾವುದು ನಿಜದ ಚಿಕಿತ್ಸೆ, ಯಾವುದು ತೋರಿಕೆಯದು ಎಂದು ತಿಳಿಸದೆ ಮಾಡಿದ ಪ್ರಯೋಗಗಳಲ್ಲಿ ಅದರ ಗುಣ ಹೆಚ್ಚೇನೂ ಉಳಿದಿಲ್ಲ. ಆಟ, ವ್ಯಾಯಾಮ, ನಿದ್ದೆ ಎಲ್ಲ ಮಕ್ಕಳಿಗೂ ಒಳ್ಳೆಯದೇ.

ಚೀಟಿ ಇದ್ದರೂ ಮಾತ್ರೆ ಯಾಕೆ ಸಿಗಲ್ಲ?

ಅಮೆರಿಕದ ಚರ್ಚೆಗೂ ದಾವಣಗೆರೆಯ ಪರಿಸ್ಥಿತಿಗೂ ದಾರಿ ಬೇರೆಯಾಗುವುದು ಇಲ್ಲಿ.

ಮಿಥೈಲ್‌ಫೆನಿಡೇಟ್ ನಮ್ಮಲ್ಲಿ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಔಷಧ ನಿಯಮಗಳಲ್ಲಿ ಬಿಗಿಯಾಗಿ ಮಾರಬೇಕಾದವುಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲೂ ಇದೆ. ಮೆಡಿಕಲ್ ಶಾಪ್‌ನ ಸಾಮಾನ್ಯ ಲೈಸೆನ್ಸ್ ಇದಕ್ಕೆ ಸಾಲದು, ಬೇರೆ ಲೈಸೆನ್ಸ್ ಬೇಕು. ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು. ಡಾಕ್ಟರ್ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಲೆಕ್ಕ ತಪ್ಪಿದರೆ ಡ್ರಗ್ ಇನ್‌ಸ್ಪೆಕ್ಟರ್‌ಗೆ ಉತ್ತರ ಹೇಳಬೇಕು. ತಿಂಗಳಿಗೆ ಬೆರಳೆಣಿಕೆಯ ಗಿರಾಕಿ ಬರುವ ಮಾತ್ರೆಗಾಗಿ ಪಿ.ಬಿ. ರಸ್ತೆಯ ಅಂಗಡಿಯವರಾಗಲಿ ಜಗಳೂರಿನ ಅಂಗಡಿಯವರಾಗಲಿ ಇಷ್ಟೆಲ್ಲ ಯಾಕೆ ಮೈಮೇಲೆ ಎಳೆದುಕೊಳ್ಳುತ್ತಾರೆ? ದುರ್ಬಳಕೆ ತಡೆಯಲು ಮಾಡಿದ ನಿಯಮ ಇದು, ಆ ಉದ್ದೇಶ ಸರಿಯೇ. ಆದರೆ ಅಂಗಡಿಯಲ್ಲಿ ಸಿಗದ ಮಾತ್ರೆಯನ್ನು ಡಾಕ್ಟರ್ ಬರೆಯಲು ಹಿಂಜರಿಯುತ್ತಾರೆ. ಡಾಕ್ಟರ್ ಬರೆಯದಿದ್ದರೆ ಅಂಗಡಿಯವರು ತರಿಸುವುದಿಲ್ಲ. ಮಗು ನಡುವೆ ಸಿಕ್ಕಿಕೊಳ್ಳುತ್ತದೆ.

ಅಟೊಮೊಕ್ಸೆಟಿನ್ ಈ ಪಟ್ಟಿಯಲ್ಲಿಲ್ಲ. ಸಾಮಾನ್ಯ ಚೀಟಿಗೆ ಸಿಗುತ್ತದೆ. ಹೀಗಾಗಿ ಸಣ್ಣ ಊರುಗಳಲ್ಲಿ ಅದರ ಕಡೆಗೇ ವಾಲುವುದು ಸಹಜ. ಅದು ಕೆಟ್ಟ ಔಷಧವಲ್ಲ. ಚಟದ ಭಯ ಇಲ್ಲ, ಕೆಲವು ಮಕ್ಕಳಿಗೆ ಅದೇ ಸರಿ. ಆದರೆ ಸರಾಸರಿಯಲ್ಲಿ ಗುಣ ಮಿಥೈಲ್‌ಫೆನಿಡೇಟಿಗಿಂತ ಕಡಿಮೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಹದಿನೈದು ದಿನಕ್ಕೇ "ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಮಗು ತೀರಾ ಬೇಸರದ ಮಾತಾಡತೊಡಗಿದರೆ, ಸಾಯುವ ಮಾತು ಬಂದರೆ ಕೂಡಲೇ ಡಾಕ್ಟರ್‌ಗೆ ತಿಳಿಸಬೇಕು. ಈ ಔಷಧದ ಮೇಲೆ ಆ ಎಚ್ಚರಿಕೆ ಇದೆ. ಕ್ಲೊನಿಡಿನ್ ತೆಗೆದುಕೊಳ್ಳುವ ಮಗುವಿಗಂತೂ ಸುದ್ದಿ ಓದಿ ಇದ್ದಕ್ಕಿದ್ದ ಹಾಗೆ ನಿಲ್ಲಿಸಲೇಬಾರದು, ಬಿ.ಪಿ. ಏರಿಬಿಡುತ್ತದೆ.

ಜಿಲ್ಲೆಯಲ್ಲಿ ಇರುವುದೇನು?

ದಾವಣಗೆರೆ ನಗರ ಈ ವಿಷಯದಲ್ಲಿ ಅದೃಷ್ಟದ್ದು. 1965ರಲ್ಲಿ ಶುರುವಾದ ಜೆ.ಜೆ.ಎಂ. ಸೇರಿ ಎರಡು ಮೆಡಿಕಲ್ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಕಷ್ಟ ಇರುವುದು ಚನ್ನಗಿರಿ, ಹೊನ್ನಾಳಿ, ಜಗಳೂರಿನ ಹಳ್ಳಿಗಳಿಗೆ. ಡೋಸ್ ಸರಿಹೋಗುವ ತನಕ ಮತ್ತೆ ಮತ್ತೆ ಬರಬೇಕು. ಪ್ರತಿ ಸಲ ಒಂದು ದಿನದ ಕೂಲಿ, ಬಸ್ ಚಾರ್ಜ್, ಮಗುವಿನ ಶಾಲೆ. ಎಂಟಿಎ ಅಧ್ಯಯನದಲ್ಲಿ ಕಂಡ ಗುಣದಲ್ಲಿ ಈ ತಿಂಗಳು ತಿಂಗಳ ಭೇಟಿಯ ಪಾಲೂ ಇತ್ತು ಎಂಬುದನ್ನು ನೆನೆದರೆ ನಷ್ಟ ಎಷ್ಟು ಎಂದು ತಿಳಿಯುತ್ತದೆ.

ಬಳಸಿಕೊಳ್ಳಬಹುದಾದ ಏರ್ಪಾಡುಗಳು ಕೆಲವು ಇವೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಅವರು ಪತ್ತೆ ಮಾಡಬೇಕಾದ ಮೂವತ್ತು ಸಮಸ್ಯೆಗಳಲ್ಲಿ ಎಡಿಎಚ್‌ಡಿ ಕೂಡ ಒಂದು. ಟೀಚರ್ ಆ ದಿನ ಇಂಥ ಮಗುವಿನ ಹೆಸರು ಹೇಳಿದರೆ ಸಾಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ತಂದಿತು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು, ದುಡ್ಡಿಲ್ಲ.

ದೊಡ್ಡವರು ಮತ್ತು ಕೋಚಿಂಗ್ ಮಕ್ಕಳು

2024ರ ಮೇ ತಿಂಗಳಲ್ಲಿ ಮಲಯಾಳಂ ನಟ ಫಹಾದ್ ಫಾಸಿಲ್ ತಮಗೆ 41ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಪತ್ತೆಯಾಯಿತು ಎಂದು ತಾವೇ ಹೇಳಿದರು. ಆಮೇಲೆ ರೀಲ್ಸ್ ನೋಡಿ "ನನಗೂ ಇರಬಹುದು" ಅನ್ನುವವರು ಜಾಸ್ತಿಯಾದರು. ಇರಲೂಬಹುದು. ದೊಡ್ಡವರಲ್ಲಿ ನೂರಕ್ಕೆ ಎರಡೂವರೆ ಜನರಿಗೆ ಇದೆ ಎಂಬ ಅಂದಾಜಿದೆ. ಆದರೆ ಮೂವತ್ತರ ನಂತರ ಹೊಸದಾಗಿ ಶುರುವಾದ ಮರೆವಿಗೆ ಖಿನ್ನತೆ, ಥೈರಾಯ್ಡ್, ನಿದ್ದೆ ಕಡಿಮೆ ಇವು ಕಾರಣವಾಗಿರುವ ಸಾಧ್ಯತೆ ಹೆಚ್ಚು. ಬಾಲ್ಯದಲ್ಲೂ ಹೀಗೇ ಇತ್ತಾ ಎಂಬುದೇ ಮೊದಲ ಪ್ರಶ್ನೆ.

ನೀಟ್ ಕೋಚಿಂಗ್‌ಗೆ ಜಿಲ್ಲೆ ಜಿಲ್ಲೆಯಿಂದ ಮಕ್ಕಳು ಬರುವ ಊರು ದಾವಣಗೆರೆ. ಎಡಿಎಚ್‌ಡಿ ಇಲ್ಲದವರು ಓದಿಗೆಂದು ಈ ಮಾತ್ರೆ ನುಂಗಿದರೆ ಏನಾಗುತ್ತದೆ? 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ಆರೋಗ್ಯವಂತರಿಗೆ ಇಂಥ ಔಷಧ ಕೊಟ್ಟು ಕಷ್ಟದ ಲೆಕ್ಕ ಬಿಡಿಸಲು ಹೇಳಿದರು. ಅವರು ಹೆಚ್ಚು ಹೊತ್ತು ಒದ್ದಾಡಿದರು, ಉತ್ತರದ ಗುಣಮಟ್ಟ ಮಾತ್ರ ಕುಸಿಯಿತು.

ಮುಂದೆ ಏನಾಗಬಹುದು?

ಅಮೆರಿಕದಲ್ಲಿ ಮಾತ್ರೆ ಬರೆಯುವುದು ಇನ್ನೂ ಬಿಗಿಯಾದರೆ ಆ ಸುದ್ದಿ ಇಲ್ಲಿಗೂ ಬರುತ್ತದೆ. ಆಗ ಮನೆಯವರು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಹೆಚ್ಚಬಹುದು. ಮಿಥೈಲ್‌ಫೆನಿಡೇಟ್ ಇಡುವ ಅಂಗಡಿಗಳು ಇನ್ನೂ ಕಡಿಮೆಯಾಗಬಹುದು. ಜಿಲ್ಲಾ ಆಸ್ಪತ್ರೆಯ ಔಷಧ ಕೌಂಟರ್‌ನಲ್ಲೇ ಅದು ತಪ್ಪದೆ ಸಿಗುವ ಹಾಗೆ ಮಾಡಿದರೆ ಅಂಗಡಿಯವರ ಭಯದ ಪ್ರಶ್ನೆಯೇ ಬರುವುದಿಲ್ಲ. ದುರ್ಬಳಕೆಗೂ ದಾರಿ ಇರುವುದಿಲ್ಲ.

ಇನ್ನೊಂದು ತೊಡಕು ಎಸ್ಎಸ್ಎಲ್‌ಸಿಯಂಥ ಪರೀಕ್ಷೆಯಲ್ಲಿ ರಿಯಾಯಿತಿ ಪಡೆಯುವುದರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕೆಯ ಸಮಸ್ಯೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಎಡಿಎಚ್‌ಡಿ ಎಂದು ಮಾತ್ರ ಬರೆದ ಕಾಗದ ಹಿಡಿದು ಹೋದವರಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಸಿಗುವುದು ಕಷ್ಟ. ಎಡಿಎಚ್‌ಡಿ ಇರುವ ಹಲವು ಮಕ್ಕಳಿಗೆ ಕಲಿಕೆಯ ಸಮಸ್ಯೆಯೂ ಜೊತೆಗಿರುತ್ತದೆ, ಆದರೆ ಅದರ ಪರೀಕ್ಷೆಯನ್ನು ಬೇರೆಯಾಗಿ ಮಾಡಿಸಬೇಕು. ಎಂಟು ವರ್ಷ ದಾಟಿದ ಮೇಲೆ ಮಾಡಿಸಬಹುದು. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಲು ಶುರು ಮಾಡಿದರೆ, ತಪಾಸಣೆ, ವೈದ್ಯಕೀಯ ಮಂಡಳಿ, ಸಹಿ ಎಂದು ಮುಗಿಯುವಷ್ಟರಲ್ಲಿ ಹಾಲ್ ಟಿಕೆಟ್ ಕೈಗೆ ಬಂದಿರುತ್ತದೆ.